ಕನ್ನಡದಲ್ಲಿ ವಾದ ಮಾಡುವ ಮಕ್ಕಳು ಇಂಗ್ಲಿಷ್ ಪೀರಿಯಡ್‌ನಲ್ಲಿ ಯಾಕೆ ಸುಮ್ಮನಾಗುತ್ತಾರೆ?

ಜಗಳೂರು ಮಿಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹನ್ನೊಂದು ವರ್ಷವಾಯಿತು. ಮನೆ ದಾವಣಗೆರೆಯಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಒಂದು ವಿಷಯ ಬಹಳ ದಿನದಿಂದ ಕೊರೆಯುತ್ತಿದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ವಾರ ಒಂಬತ್ತನೇ ತರಗತಿಗೆ ನಾನೇ ಒಂದು ಸಣ್ಣ ಪ್ಯಾಸೇಜ್ ಬರೆದು ಕೊಟ್ಟೆ. ಹತ್ತೇ ಸಾಲು. ಒಬ್ಬ ಹುಡುಗನಿಗೆ ಬಸ್ಸಿನ ಸೀಟಿನ ಕೆಳಗೆ ಒಂದು ಪರ್ಸ್ ಸಿಗುತ್ತದೆ. ಒಳಗೆ ದುಡ್ಡಿದೆ, ಜೊತೆಗೆ ಒಂದು ಆಸ್ಪತ್ರೆ ಚೀಟಿ ಇದೆ. ಹುಡುಗ ಪರ್ಸನ್ನು ಕಂಡಕ್ಟರ್ ಕೈಗೆ ಕೊಟ್ಟು ತನ್ನ ಸ್ಟಾಪಿನಲ್ಲಿ ಇಳಿದು ಹೋಗುತ್ತಾನೆ. ಕಥೆ ಅಷ್ಟೇ. ಕೊನೆಗೆ ಒಂದು ಪ್ರಶ್ನೆ: "ಡಿಡ್ ದಿ ಬಾಯ್ ಡೂ ದಿ ರೈಟ್ ಥಿಂಗ್? ವೈ?"

38 ಮಕ್ಕಳಲ್ಲಿ 31 ಮಕ್ಕಳು ಬರೆದದ್ದು ಒಂದೇ ವಾಕ್ಯ. "ಎಸ್, ಬಿಕಾಸ್ ಹಿ ಇಸ್ ಎ ಗುಡ್ ಬಾಯ್." ನಾಲ್ವರು ಪ್ಯಾಸೇಜಿನ ಕೊನೆಯ ಎರಡು ಸಾಲನ್ನು ಹಾಗೇ ಇಳಿಸಿದ್ದರು. ಮೂವರು ಖಾಲಿ ಬಿಟ್ಟಿದ್ದರು.

ಒಬ್ಬರ ಕಣ್ಣಿಗೂ ಆ ಆಸ್ಪತ್ರೆ ಚೀಟಿ ಬೀಳಲಿಲ್ಲ. ಅದರಲ್ಲಿ ಹೆಸರಿರುತ್ತದೆ, ಫೋನ್ ನಂಬರೂ ಇರಬಹುದು. ಪರ್ಸ್ ಕಳಕೊಂಡವರು ಆಗಲೇ ಆಸ್ಪತ್ರೆಯ ಬಿಲ್ ಕೌಂಟರ್ ಮುಂದೆ ನಿಂತಿರಬಹುದು. ಹಾಗಿದ್ದ ಮೇಲೆ ಕಂಡಕ್ಟರ್‌ಗೆ ಕೊಟ್ಟು ಇಳಿದರೆ ಸಾಕಾ? ಇದನ್ನೆಲ್ಲ ಮಕ್ಕಳು ಯೋಚಿಸಲಿ ಅಂತಲೇ ಚೀಟಿಯನ್ನು ಪರ್ಸಿನಲ್ಲಿ ಇಟ್ಟಿದ್ದೆ.

ಅದೇ ದಿನ ಮಧ್ಯಾಹ್ನ ಬಿಸಿಯೂಟದ ಹೊತ್ತು. ಹೊಂಗೆ ಮರದ ಕೆಳಗೆ ಅದೇ ತರಗತಿಯ ಐದಾರು ಮಕ್ಕಳು ತಟ್ಟೆ ಹಿಡಿದು ಕೂತು ಜೋರಾಗಿ ಮಾತಾಡುತ್ತಿದ್ದರು. ಕೊನೆಯ ಬೆಂಚಿನ ಒಬ್ಬ ಹುಡುಗಿಯ ಅಪ್ಪ ಹಿಂದಿನ ದಿನ ಈರುಳ್ಳಿ ಮಾರಿದ್ದರಂತೆ. ಒಬ್ಬ ಹುಡುಗ, "ಇನ್ನೊಂದು ವಾರ ತಡೀಬೇಕಿತ್ತು, ರೇಟ್ ಏರ್ತಿತ್ತು" ಅಂದ. ಅದಕ್ಕೆ ಅವಳು ಹೇಳಿದ್ದು ಹೀಗೆ. "ಎಲ್ಲಿ ಇಡ್ತೀಯಾ? ನಮ್ಮ ಮನೇಲಿ ಶೆಡ್ ಇಲ್ಲ. ಮಳೆ ಹಿಡಿದ್ರೆ ಒಂದೇ ದಿನಕ್ಕೆ ಕೊಳೀತದೆ. ಬೆಂಗ್ಳೂರಿಗೆ ಹಾಕಿದ್ರೆ ನೂರಿನ್ನೂರು ಜಾಸ್ತಿ ಸಿಗಬಹುದು, ಲಾರಿ ಬಾಡಿಗೆ, ಹಮಾಲಿ, ಕಮಿಷನ್ ಕಳೆದ್ರೆ ಎಷ್ಟು ಉಳೀತದೆ ಹೇಳು." ಹುಡುಗ ಬಿಡಲಿಲ್ಲ. "ಮಹಾರಾಷ್ಟ್ರದ ಮಾಲು ಬರೋಕೆ ಇನ್ನೂ ಹದಿನೈದು ದಿನ ಇದೆ, ಅಲ್ಲೀವರೆಗೆ ನಮ್ದೇ ಓಡೋದು" ಅಂದ. ಅವಳು ಕೇಳಿದಳು: "ಹದಿನೈದು ದಿನ ಅಂತ ನಿಂಗೆ ಯಾರು ಹೇಳಿದ್ರು?"

ನಾನು ಕೈ ತೊಳೆಯುತ್ತಾ ಅಲ್ಲೇ ನಿಂತುಬಿಟ್ಟೆ. ಕಾರಣ ಕೊಡುವುದು, ಲೆಕ್ಕ ಹಾಕುವುದು, ಎದುರಿನವನ ಮಾತಿಗೆ ಆಧಾರ ಕೇಳುವುದು. ಎಲ್ಲವೂ ಅಲ್ಲಿತ್ತು. ಈ ಹುಡುಗಿ ಬೆಳಿಗ್ಗೆ ನನ್ನ ಪೇಪರಿನಲ್ಲಿ ಬರೆದದ್ದು "ಹಿ ಇಸ್ ಎ ಗುಡ್ ಬಾಯ್".

ನಮ್ಮ ತರಬೇತಿಗಳಲ್ಲಿ ವಿಮರ್ಶಾತ್ಮಕ ಚಿಂತನೆ ಅನ್ನುವ ಮಾತು ಪ್ರತಿ ಸಲ ಬರುತ್ತದೆ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಸ್ಮರಣೆಗೆ ಇಷ್ಟು, ಗ್ರಹಿಕೆಗೆ ಇಷ್ಟು ಅಂತ ಅಂಕ ಹಂಚಿರುತ್ತೇವೆ. ಆದರೆ ನಾಳೆ ಬೆಳಿಗ್ಗೆ 40 ನಿಮಿಷದ ಪೀರಿಯಡ್‌ನಲ್ಲಿ ಏನು ಮಾಡಲಿ ಅನ್ನುವುದಕ್ಕೆ ನನಗೆ ಅಲ್ಲಿ ಉತ್ತರ ಸಿಕ್ಕಿಲ್ಲ. ತರಗತಿಯಲ್ಲಿ ಇಂಗ್ಲಿಷ್ ಮಾತ್ರ ಅಂತ ಒಂದು ತಿಂಗಳು ನಡೆಸಿ ನೋಡಿದೆ. ಮಾತೇ ನಿಂತುಹೋಯಿತು. ಕನ್ನಡಕ್ಕೆ ಬಿಟ್ಟರೆ ಚರ್ಚೆ ಚೆನ್ನಾಗಿ ನಡೆಯುತ್ತದೆ, ಆದರೆ ಪೀರಿಯಡ್ ಮುಗಿದಾಗ ಯಾರ ಬಾಯಲ್ಲೂ ಒಂದು ಇಂಗ್ಲಿಷ್ ವಾಕ್ಯ ಇರುವುದಿಲ್ಲ.

ಆ ಹೊಂಗೆ ಮರದ ಕೆಳಗಿನ ಮಾತನ್ನು ಇಂಗ್ಲಿಷ್ ಪೀರಿಯಡ್ ಒಳಗೆ ತರುವುದು ಹೇಗೆ? ನೀವು ತರಗತಿಯಲ್ಲಿ ಮಾಡಿ ನೋಡಿದ್ದನ್ನು ಹೇಳಿ.


ಚಳ್ಳಕೆರೆ ಮೇಷ್ಟ್ರು

ಮೇಡಂ, ನಿಮ್ಮ ಮಕ್ಕಳು ಚೆನ್ನಾಗಿ ಯೋಚನೆ ಮಾಡುತ್ತಾರೆ. ಅದು ನಿಮಗೂ ಗೊತ್ತಾಗಿದೆ. ಪರ್ಸಿನ ಪ್ರಶ್ನೆಯಲ್ಲಿ ಒಂದು ತೊಂದರೆ ಇದೆ, ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. "ರೈಟ್ ಥಿಂಗ್" ಅಂತ ಟೀಚರ್ ಕೇಳಿದ ಕೂಡಲೇ ಮಕ್ಕಳಿಗೆ ಇದು ನೀತಿ ಪಾಠ ಅಂತ ವಾಸನೆ ಹೊಡೆಯುತ್ತದೆ. ನೀತಿ ಪಾಠಕ್ಕೆ ಒಂದೇ ಉತ್ತರ ಅಂತ ಒಂದನೇ ಕ್ಲಾಸಿನಿಂದ ನಾವೇ ಕಲಿಸಿದ್ದೇವೆ. ಈರುಳ್ಳಿ ವಿಷಯದಲ್ಲಿ ಹಾಗಲ್ಲ. ಅಲ್ಲಿ ಉತ್ತರ ಯಾರ ಜೇಬಿನಲ್ಲೂ ಇಲ್ಲ. ಅದಕ್ಕೇ ಜಗಳ ಆಡುತ್ತಾರೆ.

ನಾನು ನಿವೃತ್ತನಾಗಿ ಆರು ವರ್ಷವಾಯಿತು. ನೌಕರಿಯ ಮಧ್ಯದಲ್ಲಿ ಒಂದು ತರಬೇತಿಗೆ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಮೊದಲ ಸಲ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ಬಗ್ಗೆ ಕೇಳಿದೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅವರು ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿದರು. ಜಗತ್ತಿನ ಇಂಗ್ಲಿಷ್ ಟೀಚರುಗಳು ಇವತ್ತಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತಾರೆ. ವ್ಯಾಕರಣವನ್ನು ಸಾಲಾಗಿ ಪಾಠ ಮಾಡುವುದು ಬಿಟ್ಟು ಮಕ್ಕಳಿಗೆ ಬಿಡಿಸಲು ಒಂದು ಕೆಲಸ ಕೊಡಬೇಕು. ರೈಲ್ವೆ ವೇಳಾಪಟ್ಟಿ, ನಕ್ಷೆ, ಇಂಥವು. ಮಗುವಿನ ತಲೆ ಕೆಲಸದ ಮೇಲೆ ಇದ್ದಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಅವರ ನಂಬಿಕೆ. 1987ರಲ್ಲಿ ಈ ಬಗ್ಗೆ ಪುಸ್ತಕವನ್ನೂ ಬರೆದರು. ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಹುಟ್ಟಿದ ವಿಚಾರ ಇದು. ನಮ್ಮ ಬಿ.ಎಡ್ ಮಕ್ಕಳಿಗೆ ಇದರ ಹೆಸರೂ ಗೊತ್ತಿರುವುದಿಲ್ಲ ಅಂದರೆ ನನಗೆ ಸಂಕಟವಾಗುತ್ತದೆ.

ಅವರು ಕೆಲಸಗಳನ್ನು ಮೂರು ಬಗೆ ಮಾಡಿದರು. ನನ್ನ ಹತ್ತಿರ ಇರುವ ಮಾಹಿತಿ ನಿನ್ನ ಹತ್ತಿರ ಇಲ್ಲ, ಕೇಳಿ ತಿಳಿದುಕೋ ಅನ್ನುವುದು ಒಂದು. ಕೊಟ್ಟ ಮಾಹಿತಿಯಿಂದ ಲೆಕ್ಕ ಹಾಕಿ, ಹೋಲಿಸಿ, ಹೊಸದೊಂದನ್ನು ತೀರ್ಮಾನಿಸು ಅನ್ನುವುದು ಇನ್ನೊಂದು. ನಿನ್ನ ಅಭಿಪ್ರಾಯ ಏನು ಅನ್ನುವುದು ಮೂರನೆಯದು. ಎರಡನೆಯದೇ ತರಗತಿಗೆ ಹೆಚ್ಚು ಒಗ್ಗುತ್ತದೆ ಅಂತ ಅವರು ಕಂಡುಕೊಂಡರು. ನನ್ನ ಅನುಭವವೂ ಅದೇ. ಬರೀ ಅಭಿಪ್ರಾಯ ಕೇಳಿದರೆ ನಮ್ಮ ಮಕ್ಕಳು ನಾಚುತ್ತಾರೆ. ಲೆಕ್ಕ ಇದೆ, ಬಿಡಿಸಿ ಅಂದರೆ ಮುಂದೆ ಬಗ್ಗುತ್ತಾರೆ.

ನಾನು ಮಾಡಿದ್ದು ಹೇಳುತ್ತೇನೆ. ಬಸ್ ನಿಲ್ದಾಣದ ಬೋರ್ಡಿನಿಂದ ಚಿತ್ರದುರ್ಗದ ಬಸ್ ವೇಳೆಗಳನ್ನು ಬರೆದುಕೊಂಡು ಬಂದೆ. ಕಪ್ಪು ಹಲಗೆಯ ಮೇಲೆ ಇಂಗ್ಲಿಷ್‌ನಲ್ಲಿ ಹಾಕಿದೆ. ಒಬ್ಬ ಅಜ್ಜಿ ಹತ್ತು ಗಂಟೆಗೆ ದುರ್ಗದ ಕಣ್ಣಿನ ಡಾಕ್ಟರ್ ಹತ್ತಿರ ಇರಬೇಕು. ಒಂದು ಬಸ್ ಬೇಗ ಹೊರಡುತ್ತದೆ, ಎಲ್ಲ ಹಳ್ಳಿಯಲ್ಲೂ ನಿಲ್ಲುತ್ತದೆ. ಇನ್ನೊಂದು ತಡವಾಗಿ ಹೊರಟರೂ ನಡುವೆ ನಿಲ್ಲುವುದಿಲ್ಲ, ಆದರೆ ಕಾಲೇಜು ಮಕ್ಕಳು ತುಂಬಿರುತ್ತಾರೆ. ಅಜ್ಜಿ ಯಾವುದಕ್ಕೆ ಹತ್ತಬೇಕು?

ಮೊದಲು ಒಂದು ಲೆಕ್ಕವನ್ನು ಇಡೀ ತರಗತಿಯ ಜೊತೆ ನಾನೇ ಬಿಡಿಸುತ್ತಿದ್ದೆ. ಎಲ್ಲ ಇಂಗ್ಲಿಷ್‌ನಲ್ಲಿ, ನಿಧಾನವಾಗಿ, ಹಲಗೆ ಮುಟ್ಟಿ ತೋರಿಸುತ್ತಾ. "ವಿಚ್ ಬಸ್ ಲೀವ್ಸ್ ಅರ್ಲಿ? ವಿಚ್ ಬಸ್ ರೀಚಸ್ ಫಸ್ಟ್?" ಆಮೇಲೆ ಅದೇ ಥರದ ಇನ್ನೊಂದನ್ನು ಮಕ್ಕಳೇ ಮಾಡಬೇಕು. ಇದೂ ಪ್ರಭು ಅವರ ಕ್ರಮವೇ. ಒಬ್ಬ ಹುಡುಗ ಎದ್ದು ನಿಂತು "ಫಸ್ಟ್ ಬಸ್ ಸರ್. ಗ್ರಾಂಡ್‌ಮದರ್ ನೋ ಸ್ಟ್ಯಾಂಡ್" ಅಂದ. ಇಂಗ್ಲಿಷ್ ಮುರಿದಿದೆ, ಕಾರಣ ಗಟ್ಟಿಯಾಗಿದೆ. ನಾನು ತಪ್ಪು ಅನ್ನಲಿಲ್ಲ. "ಎಸ್, ಗ್ರಾಂಡ್‌ಮದರ್ ಕೆನಾಟ್ ಸ್ಟ್ಯಾಂಡ್ ಫಾರ್ ಎ ಲಾಂಗ್ ಟೈಮ್" ಅಂತ ಅವನ ಮಾತನ್ನೇ ಸರಿ ರೂಪದಲ್ಲಿ ವಾಪಸ್ ಕೊಟ್ಟೆ. ಮುಂದಿನ ವಾರ ಅವನೇ "ಕೆನಾಟ್" ಅಂದ.

ನಿಮ್ಮ ಈರುಳ್ಳಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪಟ್ಟಿ ಮಾಡಿ, ರೇಟು ಹಾಕಿ, ಬಾಡಿಗೆ ಹಾಕಿ. ಪ್ರಶ್ನೆ ಒಂದೇ ಇರಲಿ.


ದಾವಣಗೆರೆ ಟ್ಯೂಷನ್ ಅಕ್ಕ

ಮೇಷ್ಟ್ರು ಹೇಳಿದ್ದನ್ನು ಗೌರವದಿಂದ ಓದಿದೆ. ಆದರೂ ನನ್ನ ಮಾತು ಬೇರೆ ಇದೆ.

ನಾನು ದಾವಣಗೆರೆಯಲ್ಲಿ ಹತ್ತನೇ ತರಗತಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ನನ್ನ ಮಗಳೂ ಈಗ ಒಂಬತ್ತನೇ ತರಗತಿ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್‌ಗೆ ಲಿಖಿತ ಪರೀಕ್ಷೆ 80 ಅಂಕ. ಹಳ್ಳಿಯಿಂದ ಬರುವ ಮಕ್ಕಳಲ್ಲಿ ಕೆಲವರಿಗೆ ಒಂದು ಪತ್ರ ಬರೆಯಲು ಕೈ ನಡುಗುತ್ತದೆ. ಫೇಲಾದರೆ ಆ ಹುಡುಗಿಯ ಓದು ಅಲ್ಲಿಗೇ ನಿಂತು ಮದುವೆಯ ಮಾತು ಶುರುವಾಗುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥ ಮಗುವಿಗೆ ಮೊದಲು ವಾಕ್ಯ ಬೇಕು. ಯೋಚನೆ ಮನೆಯಲ್ಲಿ ಬಂದೇ ಬರುತ್ತದೆ, ನಿಮ್ಮ ಹೊಂಗೆ ಮರದ ಹುಡುಗಿಗೆ ಬಂದ ಹಾಗೆ. ಇಂಗ್ಲಿಷ್ ಮನೆಯಲ್ಲಿ ಬರುವುದಿಲ್ಲ. ಇರುವ 40 ನಿಮಿಷದಲ್ಲೂ ಕನ್ನಡದ ಚರ್ಚೆ ನಡೆದರೆ ಆ ಮಗು ಇಂಗ್ಲಿಷ್ ಕೇಳುವುದು ಎಲ್ಲಿ?

ನಾನು ಮಾಡುವುದು ಇಷ್ಟು. ವಾಕ್ಯದ ತಲೆ ಕೊಡುತ್ತೇನೆ, ಬಾಲ ಅವರು ಹಾಕಬೇಕು. "ಐ ಥಿಂಕ್ ... ಬಿಕಾಸ್ ...". "ಐ ಡೋಂಟ್ ಅಗ್ರೀ ಬಿಕಾಸ್ ...". "ಇಫ್ ..., ದೆನ್ ...". ಗೋಡೆಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದೇನೆ. ಟೀಚರ್, ನಿಮ್ಮ ಮಕ್ಕಳ ಹತ್ತಿರ ಈ ತಲೆಗಳಿವೆಯಾ? ಇಲ್ಲದಿದ್ದರೆ "ಗುಡ್ ಬಾಯ್" ಬಿಟ್ಟು ಅವರು ಇನ್ನೇನು ಬರೆಯಬೇಕು? ಗೊತ್ತಿರುವ ಪದದಲ್ಲೇ ಅಲ್ವಾ ಬರೆಯುವುದು?


ಜಗಳೂರು ಮಿಸ್

ಅಕ್ಕ, ನಿಮ್ಮ ಕೊನೆಯ ಪ್ರಶ್ನೆ ನನಗೆ ನಾಟಿತು. "ಬಿಕಾಸ್" ಒಂದೇ ಅವರಿಗೆ ಗೊತ್ತು. ಅದನ್ನು ಬಳಸಿದ್ದಾರೆ. ಉಳಿದವನ್ನು ನಾನು ವ್ಯಾಕರಣದ ಪಾಠದಲ್ಲಿ ಹೇಳಿದ್ದೇನೆ, ಆದರೆ ಒಂದು ವಾದ ಮಾಡಲು ಇವು ಬೇಕಾಗುತ್ತವೆ ಅಂತ ಜೋಡಿಸಿ ಕೊಟ್ಟಿಲ್ಲ.

ಮೇಷ್ಟ್ರೇ, ಪಟ್ಟಿ ಮಾಡಲು ಕೂತಿದ್ದೇನೆ. ರೇಟುಗಳನ್ನು ಆ ಹುಡುಗಿಯ ಹತ್ತಿರವೇ ಕೇಳಿ ಬರೆದುಕೊಳ್ಳುತ್ತೇನೆ.


ಕೋಟೆ ಊರಿನವಳು

ಚಿತ್ರದುರ್ಗದಿಂದ. ಬಿ.ಎಡ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಟ್ಯೂಷನ್ ಅಕ್ಕನ ಆತಂಕ ನಿಜವಾದದ್ದು, ಅದನ್ನು ತಳ್ಳಿಹಾಕಬಾರದು. ಆದರೆ ಯೋಚನೆ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ ಅಂತ ಬೇರೆ ಮಾಡುವುದು ಸರಿಯಲ್ಲ ಅಂತ ನನಗನಿಸುತ್ತದೆ.

ಎರಡು ಭಾಷೆಗಳಲ್ಲಿ ಕಲಿಯುವ ಮಕ್ಕಳ ಬಗ್ಗೆ ಸಂಶೋಧನೆ ಮಾಡಿದ ಕೆನಡಾದ ಜಿಮ್ ಕಮಿನ್ಸ್ ಅವರು 1979ರ ಸುಮಾರಿಗೇ ಒಂದು ಮಾತು ಹೇಳಿದರು. ಹೊಸ ಭಾಷೆಯಲ್ಲಿ ಅಂಗಡಿ, ಆಟದ ಮೈದಾನದ ಮಾತು ಮಗುವಿಗೆ ಒಂದೆರಡು ವರ್ಷದಲ್ಲಿ ಬರುತ್ತದೆ. ಪಾಠದ ಭಾಷೆ, ಅಂದರೆ ಕಾರಣ ಕೊಡುವ, ಹೋಲಿಸುವ, ತೀರ್ಮಾನಿಸುವ ಭಾಷೆಗೆ ಐದರಿಂದ ಏಳು ವರ್ಷ ಹಿಡಿಯುತ್ತದೆ. ಅದೂ ಹೇಗೆ? ಸುತ್ತಮುತ್ತ ಇಡೀ ದಿನ ಇಂಗ್ಲಿಷ್ ಕೇಳುವ ದೇಶಕ್ಕೆ ವಲಸೆ ಹೋದ ಮಕ್ಕಳ ವಿಷಯದಲ್ಲಿ. ಜಗಳೂರಿನ ಮಗುವಿಗೆ ಸಿಗುವುದು ದಿನಕ್ಕೊಂದು ಪೀರಿಯಡ್. ಹಾಗಾಗಿ ಒಂಬತ್ತನೇ ತರಗತಿಯ ಮಗು ಯೋಚನೆಯನ್ನು ಇಂಗ್ಲಿಷ್‌ನಲ್ಲೇ ಹುಟ್ಟಿಸಿ ಇಂಗ್ಲಿಷ್‌ನಲ್ಲೇ ವಾದ ಮಾಡಲಿ ಅಂತ ಕೇಳುವುದು ನ್ಯಾಯವಲ್ಲ.

ಕಮಿನ್ಸ್ ಹೇಳಿದ ಇನ್ನೊಂದು ಮಾತು ನನಗೆ ಇನ್ನೂ ಇಷ್ಟ. ಎರಡು ಭಾಷೆಗಳೂ ಒಳಗೆ ಒಂದೇ ಬುಡದಿಂದ ಶಕ್ತಿ ಪಡೆಯುತ್ತವೆ. ನಮ್ಮ ಕಡೆ ಹೇಳುವುದಾದರೆ, ಮೇಲೆ ಎರಡು ಬೋರ್‌ವೆಲ್ ಕಂಡರೂ ಕೆಳಗಿನ ನೀರು ಒಂದೇ. ಕನ್ನಡದಲ್ಲಿ ಒಮ್ಮೆ "ಆಧಾರ ಏನು" ಅಂತ ಕೇಳಲು ಕಲಿತವಳು ಅದನ್ನು ಇಂಗ್ಲಿಷ್‌ಗೆ ಮತ್ತೆ ಮೊದಲಿನಿಂದ ಕಲಿಯಬೇಕಿಲ್ಲ. ಅವಳಿಗೆ ಬೇಕಾದದ್ದು ಪದ ಮತ್ತು ವಾಕ್ಯದ ತಲೆ ಮಾತ್ರ. ಅಲ್ಲಿಗೆ ಅಕ್ಕನ ಗೋಡೆಯ ಚಾರ್ಟು ಮೇಷ್ಟ್ರ ಬಸ್ ಪಟ್ಟಿಯ ಪಕ್ಕದಲ್ಲೇ ಇರಬೇಕು.

ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಪ್ರತಿ ವರ್ಷ ಕೋಟೆಗೆ ಕರೆದುಕೊಂಡು ಹೋಗುತ್ತೇನೆ, ಜೊತೆಗೆ ಹತ್ತಿರದ ಶಾಲೆಯ ಎಂಟನೇ ತರಗತಿ ಮಕ್ಕಳು. ಮಕ್ಕಳಿಗೆ ಓಬವ್ವನ ಕಥೆ ಬಾಯಿಪಾಠ ಇರುತ್ತದೆ. ಕಥೆ ಕೇಳಬೇಡಿ, ಕಲ್ಲು ನೋಡಿ ಪ್ರಶ್ನೆ ಕೇಳಿ ಅಂತ ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ. ಒಂದು ಸಲ ಒಬ್ಬಳು ಬಾಗಿಲ ಹತ್ತಿರ ನಿಂತು ಕೇಳಿದಳು. "ದಾರಿ ನೇರವಾಗಿ ಯಾಕಿಲ್ಲ? ಇಷ್ಟು ಸೊಟ್ಟ ಯಾಕೆ ತಿರುಗಿಸಿದ್ದಾರೆ?" ಮಕ್ಕಳು ಸುಮ್ಮನೆ ನೋಡಿದರು. ಒಬ್ಬ ಹುಡುಗ ಹಿಂದೆ ನಡೆದು ಹೋಗಿ, ಅಲ್ಲಿಂದ ಓಡಿ ಬಂದ. ತಿರುವಿನಲ್ಲಿ ನಿಂತುಬಿಟ್ಟ. "ಮಿಸ್, ಆನೆಗೆ ಓಡಿ ಬಂದು ಗುದ್ದೋಕೆ ಜಾಗ ಸಿಗಲ್ಲ!" ಅಂದ. ಕನ್ನಡದಲ್ಲೇ ಅಂದ. ಅವಳು ತಕ್ಷಣ "ಸೋ ದಟ್" ಅನ್ನುವ ಎರಡು ಪದ ಕೊಟ್ಟಳು. ಎರಡನೇ ಬಾಗಿಲಿಗೆ ಬರುವಷ್ಟರಲ್ಲಿ ಅವನ ಬಾಯಲ್ಲಿ "ದಿ ರೋಡ್ ಟರ್ನ್ಸ್ ಸೋ ದಟ್ ಎಲಿಫೆಂಟ್ ಕೆನಾಟ್ ರನ್" ಇತ್ತು. ಓಬವ್ವನ ಕಿಂಡಿಯ ಹತ್ತಿರ ಹೋದಾಗ ನಾವು ಕೇಳುವ ಮೊದಲೇ ಮಕ್ಕಳು ಒಬ್ಬೊಬ್ಬರಾಗಿ ತೂರಿ ಅಳೆಯುತ್ತಿದ್ದರು. ಇಬ್ಬರು ಒಟ್ಟಿಗೆ ಬರಲು ಆಗುತ್ತದಾ ಅಂತ.

ಇನ್ನೊಂದು ಚಿಕ್ಕ ವಿಷಯ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ? ಅಮೆರಿಕದ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡ್ ಮಾಡಿ ಅಳೆದರು. ಟೀಚರುಗಳು ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು. ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಕೈ ಎತ್ತದ ಮಕ್ಕಳೂ ಮಾತಾಡಿದರು. ಅದು ಮಾತೃಭಾಷೆಯಲ್ಲಿ ಕಲಿಯುವ ಮಕ್ಕಳ ಕಥೆ. ನಮ್ಮ ಮಕ್ಕಳು ಪ್ರಶ್ನೆಯನ್ನು ಕನ್ನಡಕ್ಕೆ ತಂದು, ಯೋಚಿಸಿ, ಉತ್ತರವನ್ನು ಇಂಗ್ಲಿಷ್‌ಗೆ ಒಯ್ಯಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ ನೋಡಿ.


ಹಿರಿಯೂರು ಟೀಚರ್

ತಡವಾಗಿ ನೋಡಿದೆ. ನನ್ನದು ಒಂದೇ ಅನುಭವ, ಬೇಗ ಹೇಳಿಬಿಡುತ್ತೇನೆ.

ನಮ್ಮ ಮಕ್ಕಳ ಮನೆಯ ಫೋನಿಗೆ ಬರುವ ವಾಟ್ಸಾಪ್ ಫಾರ್ವರ್ಡ್‌ಗಳೇ ನನ್ನ ಪಾಠ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ, ಅಂದರೆ ನಮ್ಮ ವಾಣಿವಿಲಾಸ ಸಾಗರ ಡ್ಯಾಂ, ಕೋಡಿ ಬಿತ್ತಲ್ಲ, ಆಗ ಇಡೀ ಹಿರಿಯೂರಿಗೆ ಹಬ್ಬ. ಒಂದು ಫಾರ್ವರ್ಡ್ ಓಡಾಡುತ್ತಿತ್ತು: ಡ್ಯಾಂ ಕಟ್ಟಿದ ಮೇಲೆ ಇದೇ ಮೊದಲ ಸಲ ತುಂಬಿದ್ದು ಅಂತ. ಅದನ್ನು ನಾನು ಸುಲಭ ಇಂಗ್ಲಿಷ್‌ಗೆ ಮಾಡಿ ಹಲಗೆಯ ಮೇಲೆ ಬರೆದೆ. "ದಿ ಡ್ಯಾಮ್ ಇಸ್ ಫುಲ್ ಫಾರ್ ದಿ ಫಸ್ಟ್ ಟೈಮ್." ಕೆಳಗೆ ಮೂರೇ ಪ್ರಶ್ನೆ. "ಹೂ ಸೇಸ್ ದಿಸ್?" "ಹೌ ಡು ದೇ ನೋ?" "ಹೌ ಕೆನ್ ವಿ ಚೆಕ್?"

ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬಂದರು. ಒಬ್ಬಳ ಮುತ್ತಜ್ಜಿ ಸಣ್ಣವಳಿದ್ದಾಗ ಕೋಡಿ ಬಿದ್ದದ್ದನ್ನು ಅವರಪ್ಪ ಹೇಳುತ್ತಿದ್ದರಂತೆ. ಇನ್ನೊಬ್ಬ ಪೇಪರ್ ತಂದ. 1933ರಲ್ಲಿ ತುಂಬಿತ್ತು, 89 ವರ್ಷದ ಮೇಲೆ ಈಗ ತುಂಬಿದೆ ಅಂತ ಅದರಲ್ಲಿತ್ತು. ಡ್ಯಾಂ ಮುಗಿದದ್ದು 1907ರಲ್ಲಿ. ಹಾಗಾದರೆ ಫಾರ್ವರ್ಡ್ ತಪ್ಪು. ಆಗ ಒಬ್ಬ ಹುಡುಗ ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಟೀಚರ್, ಪೇಪರ್‌ನವರಿಗೆ ಹೆಂಗೆ ಗೊತ್ತು?" ಅಲ್ಲಿಂದ ಮಾತು ನೀರಾವರಿ ಇಲಾಖೆಯವರು ದಿನಾ ಬರೆದಿಡುವ ಮಟ್ಟದ ಲೆಕ್ಕಕ್ಕೆ ಹೋಯಿತು. 130 ಅಡಿ ಅಂದರೆ ತುಂಬಿದಂತೆ ಅನ್ನುವುದು ನಮ್ಮ ಊರಿನ ಮಕ್ಕಳಿಗೆಲ್ಲ ಗೊತ್ತು. ಆ ಅಡಿಯನ್ನು ಯಾರು ಅಳೆಯುತ್ತಾರೆ ಅಂತ ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ.

ಕೊನೆಗೆ ಮಕ್ಕಳು ಸೇರಿ ಬರೆದ ವಾಕ್ಯ: "ದಿಸ್ ಮೆಸೇಜ್ ಇಸ್ ನಾಟ್ ಟ್ರೂ. ದಿ ಡ್ಯಾಮ್ ವಾಸ್ ಫುಲ್ ಇನ್ 1933 ಆಲ್ಸೋ." ಎರಡು ವಾಕ್ಯಕ್ಕೆ ಮೂರು ಪೀರಿಯಡ್ ಹೋಯಿತು. ನನಗೆ ಬೇಸರವಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ, ಆ ಹೊತ್ತಿಗೆ ಕಾಲೇಜಿಗೆ ಹೋಗಿದ್ದ ಒಬ್ಬಳು ನನಗೆ ಒಂದು ಫಾರ್ವರ್ಡ್ ಕಳಿಸಿ ಕೆಳಗೆ "ಹೌ ಡು ದೇ ನೋ ಟೀಚರ್?" ಅಂತ ಬರೆದಿದ್ದಳು.


ಜಗಳೂರು ಮಿಸ್ (ಮೂರು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಮಾಡಿದೆ. ಏನಾಯಿತು ಅಂತ ಹೇಳಲೇಬೇಕು.

ಹುಡುಗಿಯ ಹತ್ತಿರ ಕೂತು ಲೆಕ್ಕ ಸಿದ್ಧ ಮಾಡಿದೆ. ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದೆವು. ನಿಮ್ಮ ಹತ್ತಿರ 100 ಚೀಲ ಈರುಳ್ಳಿ ಇದೆ. ದಾವಣಗೆರೆಯಲ್ಲಿ ಚೀಲಕ್ಕೆ 700 ರೂಪಾಯಿ, ಬೆಂಗಳೂರಿನಲ್ಲಿ 850. ಸಾಗಿಸುವ ಖರ್ಚು ದಾವಣಗೆರೆಗೆ ಚೀಲಕ್ಕೆ 30, ಬೆಂಗಳೂರಿಗೆ 110. ಮೂರು ದಿನದಲ್ಲಿ ಮಳೆ ಬರಬಹುದು. ಎಲ್ಲಿ ಮಾರುತ್ತೀರಿ? ಪೂರ್ತಿ ಹಾಳೆ ಇಂಗ್ಲಿಷ್‌ನಲ್ಲಿ. ಗೋಡೆಗೆ ಅಕ್ಕ ಹೇಳಿದ ವಾಕ್ಯದ ತಲೆಗಳು.

ಮೊದಲ ದಿನ ಮೇಷ್ಟ್ರ ಬಸ್ಸಿನ ಅಜ್ಜಿಯನ್ನು ಇಡೀ ತರಗತಿಯ ಜೊತೆ ಮಾಡಿದೆ. ಎರಡನೇ ದಿನ ಈರುಳ್ಳಿ. ನಾಲ್ಕೈದು ಮಕ್ಕಳ ಗುಂಪು. ಐದು ನಿಮಿಷ ಕನ್ನಡ, ಆಮೇಲೆ ಬರೆಯುವುದು ಮತ್ತು ಹೇಳುವುದು ಇಂಗ್ಲಿಷ್‌ನಲ್ಲಿ ಅಂತ ಮೊದಲೇ ಹೇಳಿದ್ದೆ. ಕೈಯಲ್ಲಿ ಗಡಿಯಾರ ಹಿಡಿದಿದ್ದೆ.

ಆ ಐದು ನಿಮಿಷದ ಗದ್ದಲಕ್ಕೆ ಪಕ್ಕದ ತರಗತಿಯ ಗಣಿತದ ಸರ್ ಬಂದು ನೋಡಿ ಹೋದರು. ಖರ್ಚು ಕಳೆದರೆ ದಾವಣಗೆರೆಯಲ್ಲಿ 670, ಬೆಂಗಳೂರಿನಲ್ಲಿ 740. ಇದು ಎಲ್ಲರಿಗೂ ಬಂತು. ಆದ್ದರಿಂದ ಏಳು ಗುಂಪು ಬೆಂಗಳೂರು ಅಂತ ಬರೆದವು. ನಮ್ಮ ಕೊನೆಯ ಬೆಂಚಿನ ಹುಡುಗಿಯ ಗುಂಪು ಮಾತ್ರ ದಾವಣಗೆರೆ ಅಂದಿತು. ಅವಳು ಎದ್ದು ನಿಂತಳು. ನಾನು ಹತ್ತು ಎಣಿಸಲು ಶುರು ಮಾಡಿದೆ. ಎಂಟಕ್ಕೆ ಬಾಯಿ ಬಿಟ್ಟಳು.

"ಇಫ್ ಬೆಂಗಳೂರು ಪ್ರೈಸ್ ಫಾಲ್ ಎಯ್ಟಿ ರುಪೀಸ್, ದೆನ್ ವಿ ಗೆಟ್ ಓನ್ಲಿ ಸಿಕ್ಸ್ ಹಂಡ್ರೆಡ್ ಸಿಕ್ಸ್ಟಿ. ದಾವಣಗೆರೆ ಇಸ್ ಬೆಟರ್."

ನಾನು ಹಲಗೆಯ ಮೇಲೆ ಲೆಕ್ಕ ಹಾಕಿದೆ. 850ರಲ್ಲಿ 80 ಹೋದರೆ 770, ಬಾಡಿಗೆ 110 ಕಳೆದರೆ 660. ಸರಿ ಇದೆ. ಹತ್ತು ರೂಪಾಯಿ ಕಡಿಮೆ. ಅವಳ ಅಪ್ಪ ಒಂದು ಸಲ ಬೆಂಗಳೂರಿಗೆ ಮಾಲು ಹಾಕಿದಾಗ ಲಾರಿ ತಲುಪುವಷ್ಟರಲ್ಲಿ ರೇಟ್ ಬಿದ್ದಿತ್ತಂತೆ. 260 ಕಿಲೋಮೀಟರ್ ಹೋದ ಮಾಲನ್ನು ವಾಪಸ್ ತರಲು ಆಗುವುದಿಲ್ಲ ಅಲ್ವಾ? ಅದು ಅವಳಿಗೆ ಗೊತ್ತು. ಹಾಳೆಯ ಮೇಲೆ ಇಲ್ಲದ ವಿಷಯವನ್ನು ಅವಳು ಒಳಗೆ ತಂದಳು.

ಮಧ್ಯಾಹ್ನದ ಹುಡುಗ ಇದ್ದನಲ್ಲ, ಅವನು ಬಿಡುತ್ತಾನಾ? "ಐ ಡೋಂಟ್ ಅಗ್ರೀ. ಇಫ್ ಪ್ರೈಸ್ ರೈಸ್?" ಅಂದ. ಅಷ್ಟೇ ಬಂತು. ಆದರೆ ಅಷ್ಟು ಸಾಕಾಗಿತ್ತು. ಆಮೇಲೆ ನಾಲ್ಕು ಮಕ್ಕಳು ಎದ್ದರು. ಒಬ್ಬ "ಫಿಫ್ಟಿ ಬ್ಯಾಗ್ ಹಿಯರ್, ಫಿಫ್ಟಿ ಬ್ಯಾಗ್ ದೇರ್" ಅಂದ. ನನಗೇ ಹೊಳೆದಿರಲಿಲ್ಲ ಅದು. ಬೆಲ್ ಆಯಿತು, ಯಾರೂ ಏಳಲಿಲ್ಲ.

ಎಲ್ಲವೂ ಹೀಗೇ ಚೆನ್ನಾಗಿ ನಡೆಯಿತು ಅಂತ ಅಂದುಕೊಳ್ಳಬೇಡಿ. ಮೂರು ಗುಂಪುಗಳಲ್ಲಿ ಒಬ್ಬೊಬ್ಬರೇ ಬರೆದರು, ಉಳಿದವರು ನೋಡಿಕೊಂಡರು. ಊರಲ್ಲಿ ಜಮೀನಿಲ್ಲದ ಮನೆಯ ಮಕ್ಕಳು, ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋಗಿ ಅಜ್ಜಿ ಹತ್ತಿರ ಇರುವ ಮಕ್ಕಳು ಈರುಳ್ಳಿಯ ಮಾತಿನಲ್ಲಿ ಹೊರಗೇ ಉಳಿದರು. ಇದು ನನಗೆ ಆಮೇಲೆ ಹೊಳೆಯಿತು. ಮುಂದಿನ ಸಲ ಅವರಿಗೆ ಗೊತ್ತಿರುವ ಲೆಕ್ಕ ಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವುದಾ, ಕೆಲಸದ ಜಾಗದ ಶೆಡ್ಡಿನಲ್ಲೇ ಇರುವುದಾ ಅನ್ನುವ ಲೆಕ್ಕ ಅವರಲ್ಲಿ ಒಬ್ಬ ಹುಡುಗನೇ ನನಗೆ ಹೇಳಿಕೊಟ್ಟಿದ್ದಾನೆ. ಅದನ್ನು ಬರೆಯುತ್ತಿದ್ದೇನೆ.

ಹೋದ ಶನಿವಾರ ಪರ್ಸಿನ ಪ್ಯಾಸೇಜನ್ನೇ ಮತ್ತೆ ಕೊಟ್ಟೆ. ಪ್ರಶ್ನೆ ಮಾತ್ರ ಬದಲಿಸಿದೆ. "ವಾಟ್ ಎಲ್ಸ್ ಕುಡ್ ದಿ ಬಾಯ್ ಡೂ? ವಿಚ್ ಇಸ್ ಬೆಟರ್? ವೈ?" 12 ಮಕ್ಕಳು ಈಗಲೂ "ಗುಡ್ ಬಾಯ್" ಅಂತಲೇ ಬರೆದರು. 17 ಮಕ್ಕಳು ಆಸ್ಪತ್ರೆ ಚೀಟಿಯನ್ನು ಹಿಡಿದರು. ಮೊದಲ ಸಲ ಖಾಲಿ ಬಿಟ್ಟಿದ್ದ ಮೂವರಲ್ಲಿ ಒಬ್ಬ ಹೀಗೆ ಬರೆದಿದ್ದಾನೆ: "ಡಾಕ್ಟರ್ ಪೇಪರ್ ಹ್ಯಾವ್ ನೇಮ್. ಫಸ್ಟ್ ಫೋನ್. ಕಂಡಕ್ಟರ್ ಬಸ್ ಗೋ."

ಈಗ ನನ್ನ ಹೊಸ ಕಷ್ಟ. ಇದಕ್ಕೆ ಎಷ್ಟು ಅಂಕ ಕೊಡಲಿ? ನೆಟ್ಟಗಿನ ವಾಕ್ಯದಲ್ಲಿ "ಬಿಕಾಸ್ ಹಿ ಇಸ್ ಎ ಗುಡ್ ಬಾಯ್" ಬರೆದವಳಿಗೂ ಇವನಿಗೂ ಒಂದೇ ಅಂಕ ಕೊಡಲು ಮನಸ್ಸು ಬರುತ್ತಿಲ್ಲ. ಮುಂದಿನ ಎಫ್‌ಎ ಪರೀಕ್ಷೆಯಲ್ಲಿ, ಅಂದರೆ ವರ್ಷದ ನಡುವೆ ಶಾಲೆಯಲ್ಲೇ ನಡೆಸುವ ಪರೀಕ್ಷೆಯಲ್ಲಿ, ನಾನೇ ಹಾಕುವ ಒಂದು ಪ್ರಶ್ನೆಗೆ ಐದು ಅಂಕ ಇಟ್ಟು, ಕಾರಣಕ್ಕೆ ಮೂರು, ಭಾಷೆಗೆ ಎರಡು ಅಂತ ಮಾಡೋಣ ಅಂದುಕೊಂಡಿದ್ದೇನೆ. ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ. ಅಕ್ಕ, ನಿಮಗೆ ಇದು ಸರಿ ಕಾಣುತ್ತಾ?


ದಾವಣಗೆರೆ ಟ್ಯೂಷನ್ ಅಕ್ಕ

ಮೂರು ಎರಡು ಒಪ್ಪಿದೆ, ಒಂಬತ್ತನೇ ತರಗತಿಗೆ. ಹತ್ತಕ್ಕೆ ಹೋದಾಗ ಅದೇ ಹುಡುಗನ ಅದೇ ಉತ್ತರವನ್ನು ಅವನ ಜೊತೆ ಕೂತು ಎರಡು ಸಲ ತಿದ್ದಿಸಿ ಬರೆಸಿ. ಬೋರ್ಡ್ ಪರೀಕ್ಷೆಯ ಪೇಪರ್ ತಿದ್ದುವವರಿಗೆ ಅವನ ಮುಖ ಕಾಣಿಸುವುದಿಲ್ಲ. "ದಿ ಡಾಕ್ಟರ್ಸ್ ಪೇಪರ್ ಹ್ಯಾಸ್ ಎ ನೇಮ್" ಅಂತ ಅವನೇ ಬರೆಯುವ ಹಾಗೆ ಆಗಬೇಕು. ಕಾರಣ ಅವನದೇ ಇರುವಾಗ ತಿದ್ದುವುದು ಕಷ್ಟವಲ್ಲ. ಇಷ್ಟು ವರ್ಷ ನಾನು ತಿದ್ದಿದ ಎಷ್ಟೋ ಉತ್ತರಗಳಲ್ಲಿ ಅದು ಇರಲಿಲ್ಲ ಅಂತ ನಿಮ್ಮ ಬರಹ ಓದುವಾಗ ಅನಿಸಿತು.

ಕನ್ನಡದ ಐದು ನಿಮಿಷ ಹತ್ತಾಗದ ಹಾಗೆ ಗಡಿಯಾರ ಕೈಯಲ್ಲೇ ಇರಲಿ. ಆ ಈರುಳ್ಳಿ ಹಾಳೆಯ ಫೋಟೋ ಕಳಿಸಿ ಟೀಚರ್. ಸೋಮವಾರದ ಬ್ಯಾಚಿಗೆ ಕೊಡುತ್ತೇನೆ. ಅದರಲ್ಲಿ ಆನಗೋಡಿನ ಕಡೆಯಿಂದ ಬರುವ ನಾಲ್ಕು ಮಕ್ಕಳಿದ್ದಾರೆ, ಅವರ ಮನೆಯಲ್ಲೆಲ್ಲ ಮೆಕ್ಕೆಜೋಳ. ಚೀಲದ ರೇಟು ಬದಲಿಸಿದರೆ ಸಾಕಲ್ಲ?